ದುಡ್ಡು ಕೊಟ್ಟು ತಗೊಂಡ ಹಾಡು, ಸಿನಿಮಾ ಮನೆಯಲ್ಲೇ ಉಳೀಬೇಕಾದ್ರೆ ಎಂತ ಮಾಡ್ಬೇಕು

ಹೋದ ಜೂನಲ್ಲಿ ಮಳೆ ಜೋರು ಹಿಡಿದ ಒಂದು ಆದಿತ್ಯವಾರ ಅಮ್ಮನಿಗೆ ಒಂದು ಹಳೇ ಕನ್ನಡ ಸಿನಿಮಾ ನೋಡ್ಬೇಕು ಅಂತ ಆಯ್ತು. ಎರಡು ವರ್ಷ ಹಿಂದೆ ನಾನೇ 190 ರೂಪಾಯಿ ಕೊಟ್ಟು ಒಂದು ಸಿನಿಮಾ ಆ್ಯಪಲ್ಲಿ ಅಮ್ಮನ ಅಕೌಂಟಿಗೆ ತಗೊಂಡು ಕೊಟ್ಟದ್ದು, ಬಾಡಿಗೆ ಅಲ್ಲ, ಬಟನ್ ಮೇಲೆ ಖರೀದಿ ಅಂತಲೇ ಇತ್ತು. ತೆಗ್ದು ನೋಡಿದ್ರೆ ಸಿನಿಮಾ ಇಲ್ಲ. ಹೆಸ್ರು ಹಾಕಿ ಹುಡುಕಿದೆ, ಲಾಗೌಟ್ ಮಾಡಿ ಲಾಗಿನ್ ಮಾಡಿದೆ, ಕಡೆಗೆ ಆ ಆ್ಯಪಿನ ಸಹಾಯವಾಣಿಗೆ ಬರ್ದ್ರೆ ಉತ್ತರ ಬಂತು, ಹಕ್ಕುದಾರರ ಜೊತೆ ಒಪ್ಪಂದ ಮುಗ್ದದ್ದರಿಂದ ಇನ್ನು ಸಿಗುದಿಲ್ಲ ಅಂತ. ಅಮ್ಮ ಹೇಳಿದ್ದು ಒಂದೇ ಮಾತು, "ಅಂಗಡಿಯವ ಮನೆಗೆ ಬಂದು ಕಪಾಟಿಂದ ಕ್ಯಾಸೆಟ್ ತೆಕ್ಕೊಂಡು ಹೋದ ಹಾಗೆ ಆಯ್ತಲ್ಲ ಮಗಾ."

ಆ ಮಾತು ನಂಗೆ ನಾಟಿತು. ನಮ್ಮ ಡೊಂಬಿವಲಿ ಮನೆಯ ಲಾಫ್ಟಲ್ಲಿ ಅಪ್ಪನ ಎರಡು ತಗಡಿನ ಟ್ರಂಕು ಉಂಟು, ತುಂಬಾ ಕ್ಯಾಸೆಟ್ಟೇ. ಅಪ್ಪ ಮಾಟುಂಗದ ಹೋಟೆಲಲ್ಲಿ ಕ್ಯಾಶಿಗೆ ಕೂತು ದುಡಿದ ಸಂಬಳದಲ್ಲಿ ಊರಿಗೆ ಹೋದಾಗೆಲ್ಲ ಕುಂದಾಪುರ, ಉಡುಪಿ ಅಂಗಡಿಗಳಿಂದ ಒಂದೊಂದೇ ತಂದದ್ದು, ಕಾಳಿಂಗ ನಾವಡರ ಭಾಗವತಿಕೆ ಅಂದ್ರೆ ಯಕ್ಷಗಾನದ ಹಾಡುಗಾರಿಕೆ, ಶೇಣಿಯವರ ತಾಳಮದ್ದಳೆ ಅಂದ್ರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ದಾಸರ ಪದ, ಭಾವಗೀತೆ. ನಾವಡರು 1990ರಲ್ಲಿ ಅಷ್ಟು ಸಣ್ಣ ಪ್ರಾಯದಲ್ಲಿ ತೀರಿಕೊಂಡ ಮೇಲೆ ಅಪ್ಪ ಆ ಕ್ಯಾಸೆಟ್ಟುಗಳನ್ನು ಬೇರೆಯವರ ಕೈಗೆ ಕೊಡ್ತಾನೇ ಇರ್ಲಿಲ್ಲ. ಅದನ್ನು ಯಾವ ಕಂಪೆನಿಯೂ ಬಂದು ತೆಗ್ದುಕೊಂಡು ಹೋಗ್ಲಿಲ್ಲ, ಆದ್ರೆ ಮುಂಬೈ ಮಳೆ ಬಿಡ್ಬೇಕಲ್ಲ. 2005ರ ಜುಲೈ 26ಕ್ಕೆ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರ್ದಾಗ ನಾವು ಕಲೀನಾದಲ್ಲಿ ಗ್ರೌಂಡ್ ಫ್ಲೋರಲ್ಲಿದ್ದೆವು, ಕಪಾಟಿನ ಕೆಳಗಿನ ಎರಡು ಸಾಲು ಕ್ಯಾಸೆಟ್ ಕೆಸರು ನೀರಲ್ಲಿ ಮುಳುಗಿ ಹೋಯ್ತು.

ಹಾಗಾಗಿ ಒಂದು ಕಡೆ ಕಂಪೆನಿ ಹಾಕುವ ಡಿಜಿಟಲ್ ಬೀಗ, ಇನ್ನೊಂದು ಕಡೆ ಮಳೆಯ ತೇವಕ್ಕೆ ಬರುವ ಬೂಸ್ಟು. ಎರಡರ ನಡುವಲ್ಲಿ ದುಡ್ಡು ಕೊಟ್ಟ ನಮ್ಮಂಥವರು. ಈ ನಾಲ್ಕು ತಿಂಗಳಲ್ಲಿ ನಾನು ಮಾಡಿದ್ದು, ಕಲ್ತದ್ದು ಎಲ್ಲ ಕ್ರಮವಾಗಿ ಇಲ್ಲಿ ಬರೀತೇನೆ. ಕದ್ದು ಇಳಿಸಿಕೊಳ್ಳುವ ದಾರಿ ಇದ್ರಲ್ಲಿ ಇಲ್ಲ, ನೀವು ನ್ಯಾಯವಾಗಿ ತಗೊಂಡದ್ದು ನಿಮ್ಮ ಮನೆಯಲ್ಲಿ ನಿಮ್ಮ ಮಕ್ಕಳ ಕಾಲಕ್ಕೂ ಉಳೀಬೇಕು, ಅಷ್ಟೇ ನನ್ನ ಆಸೆ.

ಮೊದ್ಲು ಎಲ್ಲ ನೆಲಕ್ಕೆ ಹಾಕಿ ವಿಂಗಡಿಸಿ

ಚಾಪೆ ಹಾಸಿ ಮನೆಯಲ್ಲಿರುವ ಕ್ಯಾಸೆಟ್, ಸಿಡಿ, ವಿಸಿಡಿ, ಡಿವಿಡಿ, ವಿಡಿಯೋ ಕ್ಯಾಸೆಟ್ ಎಲ್ಲ ಹೊರಗೆ ತೆಗೀರಿ. ಮೂರು ರಾಶಿ ಮಾಡಿ. ಒಂದು, ನೀವೇ ರೆಕಾರ್ಡ್ ಮಾಡಿದ್ದು, ಅಂದ್ರೆ ಮದುವೆ ವಿಡಿಯೋ, ಅಜ್ಜಿಯ ಶೋಭಾನೆ, ಸಂಘದ ತಾಳಮದ್ದಳೆ. ಎರಡು, ಅಂಗಡಿಯಿಂದ ತಗೊಂಡದ್ದು, ಈಗ್ಲೂ ಹೊಸತು ಸಿಗುವಂಥದ್ದು. ಮೂರು, ಅಂಗಡಿಯಿಂದ ತಗೊಂಡದ್ದೇ ಆದ್ರೆ ಈಗ ಎಲ್ಲಿಯೂ ಸಿಗದ್ದು, ಕಂಪೆನಿಯೇ ಮುಚ್ಚಿ ಹೋದದ್ದು. ಕೆಲ್ಸ ಶುರು ಮಾಡ್ಬೇಕಾದ್ದು ಒಂದನೇ ಮತ್ತು ಮೂರನೇ ರಾಶಿಯಿಂದ, ಯಾಕಂದ್ರೆ ಅದು ಹೋದ್ರೆ ಹೋಯ್ತು. ಎರಡನೇದಕ್ಕೆ ಅಷ್ಟು ಅವಸರ ಇಲ್ಲ.

ಒಂದು ನೋಟ್‌ಬುಕ್ಕಲ್ಲಿ ನಂಬರ್ ಹಾಕಿ ಬರೀರಿ, ಕ್ಯಾಸೆಟ್ಟಿಗೂ ಅದೇ ನಂಬರಿನ ಚೀಟಿ ಅಂಟಿಸಿ. ಇದನ್ನು ಆಮೇಲೆ ಮಾಡುವಾ ಅಂತ ಬಿಟ್ರೆ ಹತ್ತನೇ ಕ್ಯಾಸೆಟ್ಟಿಗೆ ಬರುವಾಗ ಯಾವುದು ಆಯ್ತು ಯಾವುದು ಆಗ್ಲಿಲ್ಲ ಅಂತ ಗೊತ್ತಾಗುದಿಲ್ಲ. ಬಿಲ್ಲು ಸಿಕ್ಕಿದ್ರೆ ಬಿಸಾಡ್ಬೇಡಿ, ಕವರಿನ ಫೋಟೋ ತೆಗ್ದು ಇಡಿ.

ಕಾನೂನು ಎಂತ ಹೇಳ್ತದೆ, ಇದು ಗೊತ್ತಿರ್ಲೇಬೇಕು

ನಮ್ಮ ಜನ ಎರಡು ತರ. ಕೆಲವರು ಎಲ್ಲವನ್ನೂ ವಾಟ್ಸಾಪಲ್ಲಿ ಕಳಿಸ್ತಾರೆ, ಎಂತಾಗ್ತದೆ ಬಿಡಿ ಅಂತ. ಕೆಲವರು ಸ್ವಂತ ಸಿಡಿಯನ್ನು ಸ್ವಂತ ಲ್ಯಾಪ್‌ಟಾಪಿಗೆ ಹಾಕ್ಲಿಕ್ಕೂ ಹೆದರ್ತಾರೆ. ಎರಡೂ ಬೇಡ.

ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದ್ರ 52ನೇ ಸೆಕ್ಷನಲ್ಲಿ ಯಾವುದೆಲ್ಲ ಉಲ್ಲಂಘನೆ ಅಲ್ಲ ಅಂತ ಒಂದು ಉದ್ದ ಪಟ್ಟಿ ಉಂಟು, ಅದ್ರ ಮೊದಲ್ನೇ ಸಾಲೇ ಸ್ವಂತದ ಬಳಕೆ, ಸಂಶೋಧನೆಗೆ ನ್ಯಾಯವಾಗಿ ಬಳಸುದು. ಮುಂಚೆ ಅದು ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿ ಇಷ್ಟಕ್ಕೇ ಇತ್ತು, 2012ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಬಿಟ್ಟು ಬಾಕಿ ಯಾವುದೇ ಕೃತಿ ಅಂತ ಆಯ್ತು, ಹಾಗಾಗಿ ಧ್ವನಿಮುದ್ರಣ, ಸಿನಿಮಾ ಎರಡೂ ಅದ್ರೊಳಗೆ ಬಂತು. ಇದು ಸಣ್ಣ ವಿಷ್ಯ ಅಲ್ಲ ಮಾರಾಯ್ರೆ, ಬ್ರಿಟನ್ನಲ್ಲಿ 2014ರಲ್ಲಿ ಇಂಥದ್ದೇ ಒಂದು ಸ್ವಂತ ಬಳಕೆಯ ರಿಯಾಯಿತಿ ತಂದರು, ಸಂಗೀತದವರು ಕೋರ್ಟಿಗೆ ಹೋದರು, 2015ರಲ್ಲಿ ಅಲ್ಲಿಯ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮಲ್ಲಿ ಆ ಸಾಲು ಇನ್ನೂ ಉಂಟು. ನ್ಯಾಯವಾಗಿ ಅಂದ್ರೆ ಎಷ್ಟು ಕಾಪಿ ಅಂತ ಲೆಕ್ಕ ಎಲ್ಲಿಯೂ ಬರ್ದಿಲ್ಲ, ನಿಮ್ಮ ಸ್ವಂತದ್ದು, ನಿಮ್ಮ ಮನೆಗೆ, ಮಾರಾಟಕ್ಕೆ ಅಲ್ಲ, ಊರಿಗೆಲ್ಲ ಹಂಚ್ಲಿಕ್ಕೂ ಅಲ್ಲ, ಅಷ್ಟು ತಲೆಯಲ್ಲಿದ್ರೆ ಸಾಕು. ಹಂಚಿದ್ರೆ, ಮಾರಿದ್ರೆ 63ನೇ ಸೆಕ್ಷನ್ ಉಂಟು, 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ.

ಎಷ್ಟು ವರ್ಷ ಅಂತ ತುಂಬಾ ಜನ ಕೇಳ್ತಾರೆ. ಧ್ವನಿಮುದ್ರಣಕ್ಕೂ ಸಿನಿಮಾಕ್ಕೂ ಹೊರಬಂದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ. 1964ರಲ್ಲಿ ಬಂದ ರೆಕಾರ್ಡಿನದ್ದು 2024ರ ಕಡೆಗೆ ಮುಗ್ದಿದೆ. ಅಪ್ಪನ ಕ್ಯಾಸೆಟ್ಟು 1988ರದ್ದು ಅಂತಿಟ್ಟುಕೊಳ್ಳಿ, ಅದಕ್ಕೆ 2048ರ ಡಿಸೆಂಬರ್ 31ರ ವರೆಗೆ ಹಕ್ಕು ಉಂಟು, ಮಾಡಿದ ಕಂಪೆನಿ ಇದ್ರೂ ಇಲ್ಲದಿದ್ರೂ. ಇನ್ನೊಂದು ಗಮನಿಸ್ಬೇಕಾದ್ದು, ಪದ ಬೇರೆ, ಅದನ್ನು ಹಾಡಿ ಮುದ್ರಿಸಿದ್ದು ಬೇರೆ. ಪುರಂದರದಾಸರ ಪದಕ್ಕೆ ಯಾರ ಕಾಪಿರೈಟೂ ಇಲ್ಲ, ನೀವು ಹಾಡಿ ಹಾಕ್ಬಹುದು, ಆದ್ರೆ ಅದೇ ಪದವನ್ನು ಒಬ್ರು ಗಾಯಕರು 1985ರಲ್ಲಿ ಹಾಡಿದ ಕ್ಯಾಸೆಟ್ಟಿಗೆ ಉಂಟು. ಬರ್ದವರ, ರಾಗ ಹಾಕಿದವರ ಹಕ್ಕಾದ್ರೆ ಅವರು ತೀರಿಕೊಂಡ ನಂತ್ರ 60 ವರ್ಷ.

ನೀವೇ ಸಂಘದ ತಾಳಮದ್ದಳೆಯನ್ನು ಟೇಪ್ ರೆಕಾರ್ಡರಲ್ಲಿ ಮಾಡಿಟ್ಟದ್ದು ಇದ್ರೆ ಅದ್ರಲ್ಲಿ ಮಾತಾಡುವ ಅರ್ಥಧಾರಿಗಳದ್ದೂ ಹಾಡುವ ಭಾಗವತರದ್ದೂ ಕಲಾವಿದರ ಹಕ್ಕು ಅಂತ ಒಂದು ಇರ್ತದೆ, 50 ವರ್ಷದ್ದು. ಸ್ವಂತ ಕೇಳ್ಲಿಕ್ಕೆ ಮಾಡಿದ್ದು 39ನೇ ಸೆಕ್ಷನ್ ಪ್ರಕಾರ ತಪ್ಪಲ್ಲ, ನೆಟ್ಟಿಗೆ ಹಾಕುದಾದ್ರೆ ಅವರನ್ನೋ ಅವರ ಮನೆಯವರನ್ನೋ ಕೇಳಿ. ನಮ್ಮ ಕಲಾವಿದರು ಕೇಳಿದ್ರೆ ಬೇಡ ಅನ್ನುದು ಬಹಳ ಕಡಿಮೆ, ಕೇಳದೆ ಹಾಕಿದ್ರೆ ಬೇಜಾರಾಗ್ತದೆ, ಅದು ಸಹಜ ಅಲ್ವಾ.

ಕ್ಯಾಸೆಟ್ಟನ್ನು ಫೈಲ್ ಮಾಡುದು

ಇದ್ರಲ್ಲಿ ನಾನು ಹೆಚ್ಚು ಹೊತ್ತು ನಿಲ್ತೇನೆ, ಯಾಕಂದ್ರೆ ಹೆಚ್ಚಿನವರು ತಪ್ಪುದು ಇಲ್ಲಿಯೇ.

ಒಳ್ಳೇ ಡೆಕ್, ಅಂದ್ರೆ ಕ್ಯಾಸೆಟ್ ಓಡಿಸುವ ಮೆಶಿನ್, ಬೇಕು. ನೆಟ್ಟಲ್ಲಿ ಸಿಗುವ ಸಾವಿರ ರೂಪಾಯಿಯ ಯುಎಸ್‌ಬಿ ವಾಕ್‌ಮನ್ ಬೇಡ, ಅದ್ರ ಸ್ಪೀಡ್ ಒಂದೇ ಸಮ ಇರುದಿಲ್ಲ, ಭಾಗವತರ ಸ್ವರ ಅಲುಗಾಡ್ತದೆ. ಗ್ರಾಂಟ್ ರೋಡ್ ಸ್ಟೇಷನಲ್ಲಿ ಇಳಿದ್ರೆ ಒಂದು ಕಡೆ ಲ್ಯಾಮಿಂಗ್ಟನ್ ರೋಡ್, ಸ್ವಲ್ಪ ನಡೆದ್ರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಅಲ್ಲಿ ಹಳೇ ಡೆಕ್ ಸಿಗ್ತದೆ. ನಂಗೆ 2,800ಕ್ಕೆ ಒಂದು ಸಿಕ್ಕಿತು. ತಗೊಳ್ಳುವಾಗ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕ್ಯಾಸೆಟ್ ಕಿಸೆಯಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯವನ ಕ್ಯಾಸೆಟ್ ಕೇಳಿ ನಂಬ್ಬೇಡಿ. ಸ್ವರ ಎಳೆದ ಹಾಗೆ ಕೇಳಿದ್ರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲ ಆಗಿದೆ ಅಂತ ಅರ್ಥ, ಬೆಲ್ಟ್ ಲ್ಯಾಮಿಂಗ್ಟನ್ ರೋಡಲ್ಲಿ ಸಿಗ್ತದೆ, ಅದನ್ನು ತೋರಿಸಿ ಕ್ರಯ ಇಳಿಸಿ. ಹಿಂದೆ ಲೈನ್ ಔಟ್ ಅಂತ ಎರಡು ತೂತು ಇರುವ ಡೆಕ್ಕೇ ಬೇಕು.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ವಯರ್ ಚುಚ್ಚಬೇಡಿ. ಅದು ಹೆಚ್ಚಾಗಿ ಮೋನೋ, ಒಂದು ಕಿವಿಯದ್ದು ಮಾತ್ರ ಬರ್ತದೆ, ಮತ್ತೆ ಶಬ್ದ ಒಡೀತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ, ಡಬ್ಬಿ ಮೇಲೆ ಲೈನ್ ಇನ್, ಸ್ಟೀರಿಯೋ ಅಂತ ಎರಡೂ ಇದೆಯಾ ನೋಡಿ, ಮೈಕ್ ಮಾತ್ರ ಇರುವ ಅಗ್ಗದ್ದು ಪ್ರಯೋಜನಕ್ಕಿಲ್ಲ.

ಇನ್ನು ಶುಚಿ. 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿ ಕಡ್ಡಿಗೆ ಮುಟ್ಟಿಸಿ ಡೆಕ್ಕಿನೊಳಗೆ ಟೇಪನ್ನು ಓದುವ ಹೆಡ್ಡನ್ನೂ ಪಕ್ಕದ ಉಕ್ಕಿನ ಸಣ್ಣ ಸರಳನ್ನೂ ಒರಸಿ, ಕಂದು ಮಣ್ಣಿನ ಹಾಗೆ ಬರ್ತದೆ, ಬರುದು ನಿಲ್ಲುವ ವರೆಗೆ ಕಡ್ಡಿ ಬದಲಿಸಿ ಒರಸಿ. ಕಪ್ಪು ರಬ್ಬರ್ ಗಾಲಿಗೆ ಆಲ್ಕೋಹಾಲ್ ಬೇಡ, ಒದ್ದೆ ಬಟ್ಟೆ ಸಾಕು, ಇಲ್ಲದ್ರೆ ರಬ್ಬರ್ ಬಿರುಕು ಬಿಡ್ತದೆ.

ಕ್ಯಾಸೆಟ್ಟನ್ನು ಬೆಳಕಿಗೆ ಹಿಡ್ದು ಕಿಟಕಿಯಿಂದ ಒಳಗೆ ನೋಡಿ. ಟೇಪಿನ ಸುರುಳಿ ಮೇಲೆ ಬಿಳಿ ಪುಡಿಯ ಹಾಗೆ, ರಂಗೋಲಿ ಚುಕ್ಕೆ ಹಾಗೆ ಕಂಡ್ರೆ ಅದು ಬೂಸ್ಟು. ಮುಂಬೈಯಲ್ಲಿ ನಾಲ್ಕು ಮಳೆಗಾಲ ಕಂಡ ಕ್ಯಾಸೆಟ್ಟಿಗೆ ಅದು ಬಾರದಿದ್ರೆ ಆಶ್ಚರ್ಯ. ಅಂಥದ್ದನ್ನು ಸೀದಾ ಡೆಕ್ಕಿಗೆ ಹಾಕ್ಬೇಡಿ, ಹೆಡ್ಡಿಗೆ ಹಿಡ್ದು ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹರಡ್ತದೆ. ಬಿಸಿಲಿಗೂ ಇಡ್ಬೇಡಿ, ಹಪ್ಪಳ ಅಲ್ಲ ಅದು, ಟೇಪ್ ಸುರುಟಿಕೊಳ್ತದೆ. ಗಾಳಿ ಹೋಗದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದು ವಾರ ಇಟ್ಟು ಒಣಗಿಸಿ, ಮತ್ತೆ ಮೂಗಿಗೆ ಮಾಸ್ಕ್ ಕಟ್ಟಿ, ಪೆನ್ಸಿಲಲ್ಲಿ ನಿಧಾನಕ್ಕೆ ಸುತ್ತುತ್ತಾ ಮೆತ್ತಗಿನ ಒಣ ಬಟ್ಟೆ ಮುಟ್ಟಿಸುತ್ತಾ ಹೋಗಿ. ಒಂದು ಕ್ಯಾಸೆಟ್ಟಿಗೆ ಒಂದು ಗಂಟೆ ಬೇಕಾಗ್ತದೆ, ಅವಸರ ಮಾಡಿದ್ರೆ ತುಂಡಾಗ್ತದೆ.

ನಮ್ಮ ನೆರೆ ನೀರಿನ ಕ್ಯಾಸೆಟ್ಟುಗಳದ್ದು ಇನ್ನೂ ಕಷ್ಟ. ಮೂಲೆಯ ನಾಲ್ಕು, ನಡುವಿನ ಒಂದು, ಐದು ಸಣ್ಣ ಸ್ಕ್ರೂ ಬಿಚ್ಚಿ ಚಿಪ್ಪು ತೆಗ್ದಾಗ ಒಳಗೆ 20 ವರ್ಷದ ಹಿಂದಿನ ಕಲೀನಾದ ಕೆಸರು ಒಣಗಿ ಹಿಟ್ಟಾಗಿತ್ತು, ನಿಜವಾಗಿ ಕಣ್ಣಲ್ಲಿ ನೀರು ಬಂತು. ಟೇಪನ್ನು ಬಾಟಲಿಯ ಡಿಸ್ಟಿಲ್ಡ್ ನೀರಲ್ಲಿ ಅದ್ದಿ ತೊಳ್ದು, ಫ್ಯಾನ್ ಗಾಳಿಗೆ ದೂರ ಇಟ್ಟು ಒಣಗಿಸಿ, ಸ್ಕ್ರೂ ಇರುವ ಬೇರೆ ಖಾಲಿ ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿಯನ್ನು ಹಾಗೇ ಕೂರಿಸಿದೆ. ಹೆಡ್ಡಿಗೆ ಟೇಪನ್ನು ಒತ್ತಿ ಹಿಡಿಯುವ ಸಣ್ಣ ಫೆಲ್ಟಿನ ತುಂಡು ಬಿದ್ದು ಹೋಗಿದ್ರೆ ಶಬ್ದ ಮಂಕಾಗ್ತದೆ, ಬೇರೆ ಹಾಳಾದ ಕ್ಯಾಸೆಟ್ಟಿಂದ ತೆಗ್ದು ಹಾಕಿ. ಮೇಲಿನ ಅಂಚಿನ ಎರಡು ಪ್ಲಾಸ್ಟಿಕ್ ತುಂಡು ಮುರಿದು ಬಿಡುದು ಮರೀಬೇಡಿ, ಅದು ಇದ್ರೆ ಕೈತಪ್ಪಿ ರೆಕಾರ್ಡ್ ಒತ್ತಿದ್ರೆ ಇದ್ದದ್ದೂ ಅಳಿಸಿ ಹೋಗ್ತದೆ.

ಈಗ ರೆಕಾರ್ಡಿಂಗ್. ಆಡಾಸಿಟಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಉಂಟು, ಅದನ್ನೇ ಹಾಕಿ. 44,100 ಹರ್ಟ್ಜ್, ಸ್ಟೀರಿಯೋ ಇಡಿ. ಕ್ಯಾಸೆಟ್ಟಿನ ಅತಿ ಜೋರಿನ ಜಾಗ, ಅಂದ್ರೆ ಯಕ್ಷಗಾನದಲ್ಲಿ ಚಂಡೆಯ ಏರು ಪೆಟ್ಟು ಬರುವಲ್ಲಿ ಮೊದ್ಲು ಕೇಳಿ, ಮೀಟರಿನ ಕಡ್ಡಿ ಮೈನಸ್ 6ರ ಹತ್ರ ನಿಲ್ಲುವ ಹಾಗೆ ಲೆವೆಲ್ ಇಳಿಸಿ. ಸೊನ್ನೆ ಮುಟ್ಟಿದ್ರೆ ಚಂಡೆ ಒಡೀತದೆ, ಅದನ್ನು ಆಮೇಲೆ ಸರಿ ಮಾಡ್ಲಿಕ್ಕೆ ಆಗುದಿಲ್ಲ. ಗುಂಯ್ ಅಂತ ಹಿಂದಿನಿಂದ ಶಬ್ದ ಬಂದ್ರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗ್ದು ಬ್ಯಾಟರಿಯಲ್ಲಿ ನಡೆಸಿ ನೋಡಿ, ನಮ್ಮ ಮನೆಯಲ್ಲಿ ಅಷ್ಟರಲ್ಲೇ ಹೋಯ್ತು.

ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಪ್ರಿಂಗ್ ಇರುವ ಸ್ಕ್ರೂ ಇರ್ತದೆ. ಕ್ಯಾಸೆಟ್ ಓಡ್ತಾ ಇರುವಾಗ ಅದನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ, ಭಾಗವತರ ಕೈಯ ತಾಳದ ಟಿಣ್ ಅನ್ನುದು ಎಲ್ಲಿ ಅತಿ ಚೊಕ್ಕ ಕೇಳ್ತದೋ ಅಲ್ಲಿ ನಿಲ್ಲಿಸಿ. ಇದೊಂದು ಮಾಡಿದ್ದಕ್ಕೆ ನಂಗೆ ಮಂಕಾಗಿದ್ದ ನಾವಡರ ಸ್ವರ ಪರದೆ ಸರಿಸಿದ ಹಾಗೆ ಎದುರಿಗೆ ಬಂತು, ಅಮ್ಮ ಅಡಿಗೆ ಮನೆಯಿಂದ ಸೌಟು ಹಿಡ್ಕೊಂಡೇ ಬಂದು ನಿಂತ್ರು.

ಒಂದು ಸೈಡ್ ಪೂರ್ತಿ ಒಂದೇ ಸಲ ರೆಕಾರ್ಡ್ ಮಾಡಿ, ನಡುವೆ ನಿಲ್ಲಿಸ್ಬೇಡಿ, ರೆಕಾರ್ಡ್ ಮುಗ್ದ ಮೇಲೆ ಪದ ಬದಲಾಗುವಲ್ಲಿ ಕ್ಲಿಕ್ ಮಾಡಿ ಕಂಟ್ರೋಲ್ ಬಿ ಒತ್ತಿ ಗುರ್ತು ಹಾಕಿ ತುಂಡು ಮಾಡ್ಬಹುದು. ವೇವ್ ಫೈಲಾದ್ರೆ ನಿಮಿಷಕ್ಕೆ ಹತ್ತು ಎಂಬಿ ಚಿಲ್ರೆ ಆಗ್ತದೆ, 60 ನಿಮಿಷದ ಕ್ಯಾಸೆಟ್ಟಿಗೆ 600 ಎಂಬಿ ಲೆಕ್ಕ. ಫ್ಲ್ಯಾಕ್ ಅಂತ ಉಳಿಸಿದ್ರೆ ಶಬ್ದ ಚೂರೂ ಕಮ್ಮಿ ಆಗದೆ ಸುಮಾರು ಅರ್ಧಕ್ಕೆ ಇಳೀತದೆ. ಮೂಲ ಫ್ಲ್ಯಾಕಲ್ಲಿ ಇಡಿ, ಫೋನಿಗೆ ಬೇಕಾದ್ರೆ ಅದ್ರಿಂದ ಎಂಪಿ3 ಮಾಡಿ, ಉಲ್ಟಾ ಮಾಡಿದ್ರೆ ಹೋದದ್ದು ವಾಪಸ್ ಬರುದಿಲ್ಲ. ಸರ್ರ್ ಅನ್ನುವ ಶಬ್ದ ತೆಗೀಲಿಕ್ಕೆ ನಾಯ್ಸ್ ರಿಡಕ್ಷನ್ ಉಂಟು, 6 ಡಿಬಿಗಿಂತ ಮೇಲೆ ಹೋಗ್ಬೇಡಿ, ಮದ್ದಳೆಯ ನಾದದ ಬಾಲವೇ ಕತ್ತರಿಸಿ ಹೋಗ್ತದೆ, ಡಬ್ಬ ಬಡಿದ ಹಾಗೆ ಕೇಳ್ತದೆ. ಮೂಲ ಫೈಲನ್ನು ಮುಟ್ಲೇಬೇಡಿ, ಸರಿ ಮಾಡಿದ್ದು ಬೇರೆ ಹೆಸ್ರಲ್ಲಿ.

ಫೈಲಿಗೆ ಹೆಸ್ರು ಕನ್ನಡದಲ್ಲೇ ಇಡಿ, ಪ್ರಸಂಗ, ಭಾಗವತರು, ವರ್ಷ, ಕ್ಯಾಸೆಟ್ ನಂಬರ್. ಟ್ರ್ಯಾಕ್ 01 ಅಂತ ಬಿಟ್ರೆ ಹತ್ತು ವರ್ಷ ಕಳ್ದು ಮಕ್ಕಳಿಗೆ ಎಂತ ಅರ್ಥ ಆಗ್ಬೇಕು.

ಸಿಡಿ, ವಿಸಿಡಿ, ಡಿವಿಡಿ

ಹಾಡಿನ ಸಿಡಿ ಸುಲಭ. ಎಕ್ಸಾಕ್ಟ್ ಆಡಿಯೋ ಕಾಪಿ ಅಂತ ಒಂದು ಸಾಫ್ಟ್‌ವೇರ್ ಉಂಟು, ಗೀರು ಬಿದ್ದಲ್ಲಿ ಮತ್ತೆ ಮತ್ತೆ ಓದಿ ಸರಿ ಬಂದ್ರೆ ಮಾತ್ರ ಒಪ್ತದೆ. ಸಿಡಿ ಒರಸುವಾಗ ನಡುವಿಂದ ಅಂಚಿಗೆ ನೇರ, ಸುತ್ತ ಒರಸಬಾರ್ದು. 2005ರಲ್ಲಿ ಸೋನಿ ಬಿಎಂಜಿ ಕಂಪೆನಿಯ ಕೆಲವು ಸಿಡಿ ಕಂಪ್ಯೂಟರಿಗೆ ಹಾಕಿದ್ರೆ ಕಾಪಿ ತಡೀಲಿಕ್ಕೆ ಅಂತ ಹೇಳದೆ ಕೇಳದೆ ಒಂದು ಸಾಫ್ಟ್‌ವೇರ್ ಒಳಗೆ ಅಡಗಿ ಕೂರ್ತಿತ್ತು, ದೊಡ್ಡ ಗಲಾಟೆ ಆಗಿ ಸಿಡಿಗಳನ್ನು ವಾಪಸ್ ತಗೊಳ್ಬೇಕಾಯ್ತು. ಕದ್ದವನಿಗೆ ಅದ್ರಿಂದ ಎಂತ ತೊಂದ್ರೆ ಇರ್ಲಿಲ್ಲ, ದುಡ್ಡು ಕೊಟ್ಟು ಅಂಗಡಿಯಿಂದ ತಂದವನ ಕಂಪ್ಯೂಟರೇ ಹಾಳಾದ್ದು. ಇದೇ ನಂಗೆ ಇಷ್ಟು ವರ್ಷದಿಂದ ಹೊಟ್ಟೆ ಉರಿಯುವ ವಿಷ್ಯ. ಹಳೇ ಸಿಡಿ ಹಾಕುವ ಮುಂಚೆ ವಿಂಡೋಸಿನ ಆಟೋಪ್ಲೇ ಆಫ್ ಮಾಡಿ ಇಡಿ.

ವಿಸಿಡಿಗೆ ಬೀಗವೇ ಇಲ್ಲ. ಡಿಸ್ಕ್ ತೆರೆದ್ರೆ ಎಂಪಿಇಜಿಎವಿ ಅಂತ ಫೋಲ್ಡರ್, ಅದ್ರೊಳಗೆ ಡ್ಯಾಟ್ ಅಂತ ಕೊನೆಯಾಗುವ ದೊಡ್ಡ ಫೈಲ್, ಅದನ್ನೇ ಕಾಪಿ ಮಾಡಿ ಕೊನೆಯ ಮೂರಕ್ಷರ ಎಂಪಿಜಿ ಅಂತ ಬದಲಿಸಿದ್ರೆ ವಿಎಲ್‌ಸಿ ಅನ್ನುವ ಪುಕ್ಕಟೆ ಪ್ಲೇಯರಲ್ಲಿ ಓಡ್ತದೆ. ಎರಡು ಡಿಸ್ಕಿನ ಸಿನಿಮಾ ಆದ್ರೆ ಎರಡನ್ನೂ ಮರೀಬೇಡಿ.

ಡಿವಿಡಿಯಲ್ಲಿ ಎರಡು ಜಾತಿ. ಮದುವೆ ಸ್ಟುಡಿಯೋದವರು ಕೊಟ್ಟದ್ದಕ್ಕೆ ಬೀಗ ಇರುದಿಲ್ಲ, ವಿಡಿಯೋ ಟಿಎಸ್ ಫೋಲ್ಡರನ್ನು ಇಡೀ ಕಾಪಿ ಮಾಡಿ, ಈಗ್ಲೇ ಮಾಡಿ, ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಪದರ ವರ್ಷ ಕಳೆದ ಹಾಗೆ ಮಾಸ್ತದೆ. ಅಂಗಡಿ ಡಿವಿಡಿಗೆ ಹೆಚ್ಚಾಗಿ ಸಿಎಸ್‌ಎಸ್ ಅಂತ ಬೀಗ, ಮೇಲಿಂದ ರೀಜನ್ ಕೋಡ್. ನಮ್ಮ ದೇಶದ್ದು 5, ಗಲ್ಫಿನದ್ದು 2, ಅಮೆರಿಕದ್ದು 1. ಭಾವ ದುಬೈಯಿಂದ ಪ್ರೀತಿಯಲ್ಲಿ ತಂದು ಕೊಟ್ಟ ಡಿಸ್ಕ್ ಇಲ್ಲಿಯ ಪ್ಲೇಯರಲ್ಲಿ ಓಡದೆ ಇರುದು ಇದ್ರಿಂದ. ಕಂಪ್ಯೂಟರ್ ಡ್ರೈವಲ್ಲಿ ರೀಜನ್ ಬದಲಿಸ್ಬಹುದು ಆದ್ರೆ ಐದೇ ಸಲ, ಐದನೇದಕ್ಕೆ ಅಲ್ಲಿಯೇ ಕಚ್ಚಿಕೊಳ್ತದೆ, ನೋಡಿಕೊಂಡು ಮಾಡಿ.

ಬೀಗದ ಬಗ್ಗೆ ಕಾಯ್ದೆಯ 65ಎ ಸೆಕ್ಷನ್ ಉಂಟು, 2012ರ ಜೂನ್ 21ರಿಂದ ಜಾರಿ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದ್ರೆ 2 ವರ್ಷದ ವರೆಗೆ ಜೈಲು ಮತ್ತು ದಂಡ. ಉದ್ದೇಶ ಅನ್ನುವ ಆ ಪದ ನಮ್ಮವರು ಬುದ್ಧಿವಂತಿಕೆಯಿಂದ ಇಟ್ಟದ್ದು, ಕಾಯ್ದೆ ಸ್ಪಷ್ಟವಾಗಿ ನಿಷೇಧ ಮಾಡದ ಕೆಲ್ಸಕ್ಕೆ ಈ ಸೆಕ್ಷನ್ ಅಡ್ಡಿ ಇಲ್ಲ ಅಂತಲೂ ಅಲ್ಲೇ ಬರ್ದಿದೆ. ಆದ್ರೆ ಇನ್ನೊಬ್ರು ನಿಮಗೋಸ್ಕರ ಮಾಡಿ ಕೊಡುದಾದ್ರೆ ಅವರು ನಿಮ್ಮ ಹೆಸ್ರು, ವಿಳಾಸ, ಯಾಕೆ ಬೇಕು ಅನ್ನುದನ್ನೆಲ್ಲ ಬರ್ದು ಇಡ್ಬೇಕು. ಅಂಗಡಿಗೆ ಕೊಡುದಾದ್ರೆ ಅಷ್ಟು ಕೇಳಿ ಬರ್ಕೊಳ್ಳುವವನ ಹತ್ರ ಕೊಡಿ, "ಯಾವ ಸಿನಿಮಾ ಬೇಕು ಹೇಳಿ, ನಮ್ಮತ್ರ ಎಲ್ಲ ಉಂಟು" ಅನ್ನುವವನ ಹತ್ರ ಡಿಸ್ಕ್ ಕೊಡ್ಬೇಡಿ. ಓಟಿಟಿ ಆ್ಯಪುಗಳ ಬೀಗ ಮುರಿಯುವ ಸಾಫ್ಟ್‌ವೇರ್ ಅಂತ ಬರ್ತದಲ್ಲ, ಆ ದಾರಿ ಪೂರ್ತಿ ಬಿಡಿ. ತಿಂಗಳ ಚಂದಾದಲ್ಲಿ ನಾವು ತಗೊಂಡದ್ದು ತಿಂಗಳ ನೋಟ ಮಾತ್ರ, ಅದನ್ನು ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ.

ವಿಡಿಯೋ ಕ್ಯಾಸೆಟ್ ಬಗ್ಗೆ ಚಿಕ್ಕದಾಗಿ ಹೇಳ್ತೇನೆ. ಓಡುವ ವಿಸಿಆರ್ ಸಿಕ್ಕುದೇ ಕಷ್ಟ, ಸಿಕ್ಕಿದ್ರೆ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ಹಾಕಿ, ಸೆಟ್ಟಿಂಗಲ್ಲಿ ಪ್ಯಾಲ್ ಅಂತ ಆರಿಸಿ, ಎನ್‌ಟಿಎಸ್‌ಸಿ ಇಟ್ರೆ ಬಣ್ಣ ಬರುದಿಲ್ಲ. ಬೂಸ್ಟು ಬಂದ ವಿಡಿಯೋ ಕ್ಯಾಸೆಟ್ಟನ್ನು ಮನೆಯಲ್ಲಿ ಪ್ರಯತ್ನಿಸ್ಬೇಡಿ, ಕೈ ಪಳಗಿದವರಿಗೆ ಕೊಡಿ.

ಆ್ಯಪಲ್ಲಿ ದುಡ್ಡು ಕೊಡುವ ಮುಂಚೆ

ಖರೀದಿ ಅಂತ ಬರ್ದಿದ್ರೂ ನಿಮಗೆ ಸಿಗುದು ನೋಡುವ ಪರವಾನಗಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ, ಕೊಡುದು ಪರವಾನಗಿ ಮಾತ್ರ ಅಂತ ಎದ್ದು ಕಾಣುವ ಹಾಗೆ ಹೇಳದೆ ಡಿಜಿಟಲ್ ಮಾಲಿಗೆ ಖರೀದಿ ಅನ್ನುವ ಪದ ಹಾಕುವ ಹಾಗಿಲ್ಲ. ನಮ್ಮಲ್ಲೂ ಅಂಥದ್ದು ಬರ್ಬೇಕು, ಇದನ್ನು ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೇನೆ.

ಹಾಡಾದ್ರೆ ಸಾಧ್ಯ ಇದ್ದಷ್ಟು ಬೀಗ ಇಲ್ಲದ ಫೈಲ್ ಮಾರುವ ಕಡೆಯಿಂದ ತಗೊಳ್ಳಿ, ತಗೊಂಡ ದಿನವೇ ಇಳಿಸಿ ಇಡಿ. ಫ್ಲಿಪ್‌ಕಾರ್ಟಿನವರು 2012ರಲ್ಲಿ ಫ್ಲೈಟ್ ಅಂತ ಎಂಪಿ3 ಅಂಗಡಿ ತೆರೆದಿದ್ದರು, 2013ರಲ್ಲಿ ಮುಚ್ಚಿತು. ಆ ಫೈಲಿಗೆ ಬೀಗ ಇರ್ಲಿಲ್ಲ, ಹಾಗಾಗಿ ಇಳಿಸಿ ಇಟ್ಟುಕೊಂಡವರ ಹತ್ರ ಹಾಡು ಈಗ್ಲೂ ಉಂಟು, ಅಂಗಡಿ ಹೋದ್ರೂ ಮಾಲು ಹೋಗ್ಲಿಲ್ಲ.

ಹೊಸ ಫೋನೋ ಟ್ಯಾಬೋ ತಗೊಳ್ಳುವ ಮುಂಚೆ ಅದ್ರಲ್ಲಿ ವೈಡ್‌ವೈನ್ ಅನ್ನುವ ವಿಡಿಯೋ ಬೀಗದ ಮೇಲ್ಮಟ್ಟ ಎಲ್1 ಉಂಟಾ ಅಂತ ಕೇಳಿ. ಎಲ್3 ಇದ್ರೆ ನೀವು ಎಷ್ಟು ದೊಡ್ಡ ಚಂದಾ ಕಟ್ಟಿದ್ರೂ ತುಂಬಾ ಆ್ಯಪುಗಳು ಮಸುಕು ಚಿತ್ರವನ್ನೇ ಕೊಡ್ತವೆ. ಹಾಗೇ ಹಳೇ ಟಿವಿಗೆ ಎಚ್‌ಡಿಎಂಐಯಿಂದ ಎವಿ ಮಾಡುವ ಡಬ್ಬಿ ಹಾಕಿದ್ರೆ ಶಬ್ದ ಬರ್ತದೆ ಚಿತ್ರ ಕಪ್ಪು, ಟಿವಿ ಹಾಳಾದ್ದಲ್ಲ, ಎಚ್‌ಡಿಸಿಪಿ ಅನ್ನುವ ಬೀಗ ಅದು. ಅಮ್ಮನ ಟಿವಿ ರಿಪೇರಿಯವನಿಗೆ 400 ರೂಪಾಯಿ ಕೊಟ್ಟ ಮೇಲೆ ಇದು ನಂಗೆ ಗೊತ್ತಾದ್ದು.

ತಗೊಂಡ ಸಿನಿಮಾ ಮಾಯ ಆದ್ರೆ ಸುಮ್ನೆ ಕೂರ್ಬೇಡಿ. ಬಿಲ್ಲಿನ ಈಮೇಲ್, ಖರೀದಿ ಅಂತ ಬರ್ದಿರುವ ಪುಟದ ಸ್ಕ್ರೀನ್‌ಶಾಟ್, ಈಗ ಇಲ್ಲ ಅಂತ ತೋರಿಸುವ ಸ್ಕ್ರೀನ್‌ಶಾಟ್, ಮೂರನ್ನೂ ಇಟ್ಟು ಮೊದ್ಲು ಕಂಪೆನಿಗೆ ಬರೀರಿ, ದುಡ್ಡು ವಾಪಸ್ ಬೇಕು ಅಂತ ಸ್ಪಷ್ಟವಾಗಿ ಬರೀರಿ, ಸುಮ್ನೆ ಬೇಜಾರಾಯ್ತು ಅಂತ ಬರ್ದ್ರೆ ಸುಮ್ನೆ ಕ್ಷಮೆ ಕೇಳ್ತಾರೆ. ಆಗ್ಲಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಆಗದಿದ್ರೆ 2019ರ ಗ್ರಾಹಕ ಕಾಯ್ದೆ ಕೆಳಗೆ ಜಿಲ್ಲಾ ಆಯೋಗಕ್ಕೆ ಹೋಗ್ಬಹುದು, 5 ಲಕ್ಷದ ವರೆಗಿನ ವ್ಯವಹಾರಕ್ಕೆ ಫೀ ಇಲ್ಲ. ನಂಗೆ 1915ಕ್ಕೆ ಹೇಳಿ ಹದಿನೆಂಟನೇ ದಿನಕ್ಕೆ 190 ರೂಪಾಯಿ ಬಂತು. ಸಿನಿಮಾ ಬರ್ಲಿಲ್ಲ.

ಇಡುದು ಎಲ್ಲಿ, ಕೊಡುದು ಯಾರಿಗೆ

ಮೂರು ಕಡೆ ಇಡಿ. ಒಂದು ಲ್ಯಾಪ್‌ಟಾಪಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಲ್ಲಿ, ಇನ್ನೊಂದು ಈ ಊರಿಂದ ಹೊರಗೆ. ನಮ್ಮದು ಮೂರನೇದು ಕುಂದಾಪುರದಲ್ಲಿ ಅಕ್ಕನ ಮನೆಯ ಗೋಡ್ರೆಜಲ್ಲಿ ಉಂಟು, ಇಲ್ಲಿ ಮತ್ತೊಂದು 26 ಜುಲೈ ಬಂದ್ರೂ ಅದು ಉಳೀತದೆ. ಪೆನ್ ಡ್ರೈವನ್ನು ಮಾತ್ರ ನಂಬಿ ಕೂರ್ಬೇಡಿ. ಹಾರ್ಡ್ ಡಿಸ್ಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ವರ್ಷಕ್ಕೊಮ್ಮೆ ಮಳೆಗಾಲ ಮುಗ್ದ ಮೇಲೆ ಎಲ್ಲವನ್ನೂ ತೆರೆದು ನಾಲ್ಕೈದು ಫೈಲ್ ಓಡಿಸಿ ನೋಡಿ. ಮೂಲ ಕ್ಯಾಸೆಟ್ಟು, ಸಿಡಿ ಬಿಸಾಡ್ಬೇಡಿ, ಮಾರ್ಬೇಡಿ ಸಹ, ಅದು ನಿಮ್ಮ ಕೈಯಲ್ಲಿ ಇದ್ರೇ ಸ್ವಂತದ್ದರ ಕಾಪಿ ಅನ್ನುವ ಮಾತಿಗೆ ಅರ್ಥ.

ಮೂರನೇ ರಾಶಿಯದ್ದನ್ನು ನೆಟ್ಟಿಗೆ ಹಾಕ್ಲಿಕ್ಕೆ ಮನಸ್ಸಾಗ್ತದೆ, ನಂಗೂ ಆಯ್ತು. ಕಂಪೆನಿ ಇಲ್ಲ, ಕೇಳುವಾ ಅಂದ್ರೆ ಜನ ಇಲ್ಲ, ಹಾಗೇ ಬಿಟ್ರೆ ಎಷ್ಟೋ ಮನೆಯ ಟ್ರಂಕಲ್ಲಿ ಕೊಳೆತು ಹೋಗ್ತದೆ. ಹಕ್ಕುದಾರರು ಸಿಗದ ಕೃತಿಗೆ 31ಎ ಸೆಕ್ಷನಲ್ಲಿ ಪರವಾನಗಿ ಕೇಳುವ ದಾರಿ ಉಂಟು, ಆದ್ರೆ ಅದಕ್ಕೆ ಪೇಪರಲ್ಲಿ ಜಾಹೀರಾತು, ಅರ್ಜಿ, ಕೋರ್ಟು ಅಂತ ಹೋಗ್ಬೇಕು, ಒಬ್ಬನಿಂದ ಆಗುವ ಕೆಲ್ಸ ಅಲ್ಲ, ಸಂಘಗಳು ಕೈ ಹಾಕಿದ್ರೆ ಆದೀತು. ನಮ್ಮ ಸಂಘದ ಮುಂದಿನ ಮೀಟಿಂಗಿಗೆ ನಾನು ಇದನ್ನು ಬರ್ದು ಕೊಟ್ಟಿದ್ದೇನೆ.

ಮನೆಯಲ್ಲಿ ಕೂತು ಕೇಳ್ಲಿಕ್ಕೆ ಯಾರ ಪರವಾನಗಿಯೂ ಬೇಡ. ನಾಲಾಸೊಪಾರದ ಚಿಕ್ಕಮ್ಮ ವಾಟ್ಸಾಪಲ್ಲಿ ನಾವಡರದ್ದು ಕಳ್ಸು ಅಂತ ಕೇಳಿದ್ರು, ಕಳಿಸುದಿಲ್ಲ ಚಿಕ್ಕಮ್ಮ, ನಿಮ್ಮ ಹತ್ರ ಅದೇ ಕ್ಯಾಸೆಟ್ ಇತ್ತಲ್ಲ, ತೆಕ್ಕೊಂಡು ಮನೆಗೆ ಬನ್ನಿ ಅಂದೆ. ಆದಿತ್ಯವಾರ ಬಂದ್ರು, ಪ್ಲಾಸ್ಟಿಕ್ ಲಕೋಟೆಯಲ್ಲಿ ಸುತ್ತಿ ತಂದಿದ್ರು, ಅವರದ್ದು ನೀರು ಕಂಡದ್ದಲ್ಲ. ಡೆಕ್ಕಿಗೆ ಹಾಕಿ ಅವರ ಪೆನ್ ಡ್ರೈವಿಗೆ ಅವರದ್ದನ್ನು ಮಾಡಿ ಕೊಡುವಾಗ ಬಿ ಸೈಡ್ ಬಂತು, ನಮ್ಮ ಕ್ಯಾಸೆಟ್ಟಲ್ಲಿ ಕೆಸರು ಹೋಗಿ ಬರೇ ಗರಗರ ಅನ್ನುವ ನಾಲ್ಕು ನಿಮಿಷ ಉಂಟಲ್ಲ, ಅದು ಅವರದ್ದರಲ್ಲಿ ಪೂರ್ತಿ ಇತ್ತು. ಅಮ್ಮ ಚಾ ಲೋಟ ಕೆಳಗಿಟ್ರು. 2005ರ ನಂತ್ರ ಆ ನಾಲ್ಕು ನಿಮಿಷ ಅವರು ಮೊದಲ ಸಲ ಕೇಳಿದ್ದು.